ಬೆಚ್ಚಗಿಟ್ಟ ಜಾಗ

ಓಪಲ್ ಒಂದು ಕಾಲನ್ನು ಹೊಸ್ತಿಲಿನಾಚೆ ಇಟ್ಟವಳು ಇನ್ನೊಂದನ್ನು ಎತ್ತಲೇ ಇಲ್ಲ. ಹಿಂದಿನಿಂದ ಬರುತ್ತಿದ್ದ ಮಗಳು ನೋರೀನ್ ಅವಳ ಬೆನ್ನಿಗೆ ಢಿಕ್ಕಿ ಹೊಡೆದಳು.

"ಏನಮ್ಮಾ, ಬಾಗಿಲಲ್ಲೇ ನಿಂತ್ಬಿಟ್ಟೆ? ಒಳಗೆ ನಡಿ, ಬಿಸಿಲು ಸುಡ್ತಾ ಇದೆ."

ಓಪಲ್ ಕದಲಲಿಲ್ಲ. ಪ್ರಾರ್ಥನಾ ಮಂದಿರದ ಆ ತುದಿಯಲ್ಲಿ ಹೂವಿನ ನಡುವೆ ಮುಚ್ಚಿದ ಶವಪೆಟ್ಟಿಗೆ ಇತ್ತು. ಅದರ ಪಕ್ಕ ಮೂರು ಕಾಲಿನ ಮರದ ನಿಲುವಿನ ಮೇಲೆ ಒಂದು ದೊಡ್ಡ ಕಪ್ಪುಬಿಳುಪು ಚಿತ್ರ. ಏಳೆಂಟು ವರ್ಷದ ಹುಡುಗಿ, ಸುರುಳಿ ಸುರುಳಿ ಕೂದಲು, ನೆರಿಗೆಯ ಫ್ರಾಕು. ಮುಂದಿನ ಎರಡು ಹಲ್ಲಿಲ್ಲದ ಬಾಯನ್ನು ಇಷ್ಟಗಲ ತೆರೆದು, ಪಕ್ಕಕ್ಕೆ ಎಲ್ಲೋ ನೋಡುತ್ತಾ ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ 'ಬರ್ಡಿ ಮೇಫೀಲ್ಡ್' ಎಂದು ಬರೆದಿತ್ತು.

"ಅದು ನಾನು," ಎಂದಳು ಓಪಲ್.

"ಏನು?"

"ಆ ಚಿತ್ರ. ಅದು ಅವಳಲ್ಲ ಕಣೇ. ನಾನು."

ನೋರೀನ್ ತಾಯಿಯ ಮುಖ ನೋಡಿದಳು, ಚಿತ್ರ ನೋಡಿದಳು, ಮತ್ತೆ ತಾಯಿಯ ಮುಖ ನೋಡಿದಳು. ಎಪ್ಪತ್ತೈದು ದಾಟಿದ ಹೆಂಗಸು, ಸೆಪ್ಟೆಂಬರಿನ ಬಿಸಿಗಾಳಿ, ಅದರ ಮೇಲೆ ಕಾರಿನಲ್ಲಿ ಏಸಿ ಬೇರೆ ಕೈಕೊಟ್ಟಿತ್ತು. ಪಾಪ, ಮಗಳಿಗೆ ತೋಚಿದ್ದು ಒಂದೇ.

"ಸ್ವಲ್ಪ ನೀರು ಕುಡೀತೀಯಾ ಅಮ್ಮಾ?"

"ನನಗೇನೂ ತಲೆ ಕೆಟ್ಟಿಲ್ಲ. ಹಲ್ಲು ನೋಡು, ಹಲ್ಲು!"

ಅಷ್ಟರಲ್ಲಿ ಬೋ ಟೈ ಕಟ್ಟಿದ ಒಬ್ಬ ಗುಂಡಗಿನ ಮನುಷ್ಯ ಕೈತುಂಬ ಪ್ರಾರ್ಥನೆಯ ಹಾಳೆಗಳನ್ನು ಹಿಡಿದು ಓಡಿಬಂದ. ಕೋಟಿನ ಮೇಲೆ ಬರ್ಡಿಯ ಮುಖವಿರುವ ಬಿಲ್ಲೆ. ಹಳೆಯ ಬಾಲನಟಿ ಬರ್ಡಿಯ ಅಭಿಮಾನಿ ಸಂಘದ ಅಧ್ಯಕ್ಷ ಮರ್ವಿನ್ ಟ್ರೆಸ್ಕಾಟ್ ಎಂದು ಅವನೇ ಹೇಳಿಕೊಂಡ. ಹಾಳೆಯ ಮೇಲೂ ಅದೇ ಚಿತ್ರ.

"ನೋಡಿದ್ರಾ ಮೇಡಂ? ಅರ್ಧ ಆಯಸ್ಸು ಬರ್ಡಿ ಚಿತ್ರ ಹುಡುಕೋದ್ರಲ್ಲೇ ಕಳೆದಿದ್ದೀನಿ, ಇದನ್ನ ಮಾತ್ರ ಕಂಡೇ ಇರ್ಲಿಲ್ಲ! ಅವಳ ಹಾಲುಹಲ್ಲು ಬಿದ್ದಾಗ ಸ್ಟುಡಿಯೊದವರು ಕಟ್ಟಿಸಿದ ಹಲ್ಲು ಹಾಕಿಸ್ತಿದ್ರು, ನಿಮಗೆ ಗೊತ್ತಾ? ಒಂದು ಶಾಟಿನಲ್ಲಿ ಹಲ್ಲಿದ್ದು ಇನ್ನೊಂದರಲ್ಲಿ ಇಲ್ಲ ಅಂದ್ರೆ ಆಗುತ್ತಾ? ಹಲ್ಲಿಲ್ಲದ ಬರ್ಡೀನ ಲೋಕವೇ ನೋಡಿಲ್ಲ. ಇದೊಂದೇ ಒಂದು! ಅವರ ಮಗ ಡ್ವೈಟ್ ಹತ್ರ ಇತ್ತು. ಸಮಾಧಿ ಕಲ್ಲಿಗೂ ಇದನ್ನೇ ಹಾಕಿಸಪ್ಪಾ ಅಂತ ನಾನೇ ಹೇಳಿದ್ದು."

"ಕಲ್ಲಿಗಾ?"

"ಹೌದು ಮೇಡಂ, ಪಿಂಗಾಣಿ ಬಿಲ್ಲೆ ಮಾಡಿಸಿ. ಶಾಶ್ವತವಾಗಿ ಇರುತ್ತೆ."

ಅವನು ಇನ್ನೊಬ್ಬರನ್ನು ಎದುರುಗೊಳ್ಳಲು ಓಡಿದ. ಓಪಲ್ ಹಾಳೆಯನ್ನು ಹಿಡಿದು ನಿಂತಳು. ಇಡೀ ಬೆಳಿಗ್ಗೆ ಬರಲೋ ಬೇಡವೋ ಎಂದು ಕನ್ನಡಿಯ ಮುಂದೆ ಕೂತು ಎದ್ದು ಮಾಡಿದವಳು ಅವಳು. ಕೊನೆಗೆ, ಎಷ್ಟಾದರೂ ಸತ್ತವಳ ಮೇಲೆ ಏನು ಹಟ, ಹೋಗಿ ಒಂದು ಹೂವಿಟ್ಟು ಬರೋಣ ಎಂದು ಹೊರಟಿದ್ದಳು. ಈಗ ನೋಡಿದರೆ ಇದು!

"ಬದುಕಿದ್ದಾಗ ಹೆಸರು ನೆನಪಿಲ್ಲ ಅಂದ್ಲು," ಎಂದು ಗೊಣಗಿದಳು. "ಸತ್ತ ಮೇಲೆ ನನ್ನ ಮುಖಾನೂ ಇಟ್ಕೊಂಡ್ಲು."

*

ಸಿನಿಮಾ ಎಂದರೆ ಹೊರಗಿನವರಿಗೆ ಬಣ್ಣ, ಕುಣಿತ. ಒಳಗಿನವರಿಗೆ ಅದು ಕಾಯುವ ಕೆಲಸ. ಒಂದು ನಗುವನ್ನು ಹಿಡಿಯಲು ಅರ್ಧ ದಿನ ದೀಪ ಸರಿಮಾಡಬೇಕು. ಈ ದೀಪ ಮೇಲೆ, ಆ ದೀಪ ಕೆಳಗೆ, ಮೂಗಿನ ನೆರಳು ತುಟಿಯ ಮೇಲೆ ಬಿತ್ತು, ತೆಗಿ, ಮತ್ತೆ ಹಾಕು. ಅಷ್ಟು ಹೊತ್ತೂ ಆ ಜಾಗದಲ್ಲಿ ಯಾರಾದರೂ ನಿಂತಿರಬೇಕಲ್ಲ? ಕೋಟಿ ಜನ ನೋಡುವ ಮುಖವನ್ನು ಬೆಂಕಿಯಂಥ ದೀಪದ ಕೆಳಗೆ ಒಣಗಿಸುವುದಕ್ಕೆ ಆಗುತ್ತದೆಯೇ? ಅದಕ್ಕೇ ಬೇರೆ ಹುಡುಗಿ. ಅದೇ ಎತ್ತರ, ಅದೇ ಮೈಬಣ್ಣ, ಅದೇ ಫ್ರಾಕು, ಅದೇ ಕೂದಲಿನ ಟೋಪನ್ನು. ನೆಲದ ಮೇಲೆ ಸೀಮೆಸುಣ್ಣದ ಗುರುತು. ಅದರ ಮೇಲೆ ಹೋಗಿ ಓಪಲ್ ನಿಂತುಕೊಳ್ಳಬೇಕು, ಅಷ್ಟೇ. ಮಾತಿಲ್ಲ, ನಟನೆಯಿಲ್ಲ, ಪರದೆಯ ಮೇಲೆ ಹೆಸರಿಲ್ಲ. ಎಲ್ಲ ಸಜ್ಜಾದ ಮೇಲೆ ಯಾರೋ ಕೂಗುತ್ತಿದ್ದರು, ನೆರಳಿನಿಂದ ಬರ್ಡಿ ಬರುತ್ತಿದ್ದಳು, ಓಪಲ್ ಪಕ್ಕಕ್ಕೆ ಸರಿಯುತ್ತಿದ್ದಳು.

ಮಕ್ಕಳನ್ನು ಇಷ್ಟು ಹೊತ್ತಿಗಿಂತ ಹೆಚ್ಚು ದುಡಿಸಬಾರದು ಎಂದು ಕಾನೂನಿತ್ತು. ಕಾನೂನು ಇಬ್ಬರಿಗೂ ಒಂದೇ, ಆದರೆ ಗಡಿಯಾರ ನೋಡುತ್ತಿದ್ದದ್ದು ಒಬ್ಬಳಿಗಾಗಿ. ರಾತ್ರಿ ಓಪಲ್‌ಳ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು. ಬರ ಬಿದ್ದು ಒಕ್ಲಹೋಮದಿಂದ ಗುಳೆ ಬಂದಿದ್ದ ಅವಳಮ್ಮ ಹಸಿ ಆಲೂಗೆಡ್ಡೆ ಹೋಳು ಮಾಡಿ ರೆಪ್ಪೆಯ ಮೇಲಿಟ್ಟು, "ಇನ್ನೊಂದು ಸಿನಿಮಾ ಕಣೇ ಕಂದಾ, ಇನ್ನೊಂದೇ ಒಂದು," ಎನ್ನುತ್ತಿದ್ದಳು.

ಓಪಲ್‌ಗೆ ಅವಳು ಯಾವತ್ತೂ ಬರ್ಡಿ ಅಲ್ಲ, ವಿಲ್ಮಾ. ಬರ್ಡಿ ಎಂಬುದು ಸ್ಟುಡಿಯೊದವರು ಇಟ್ಟ ಹೆಸರು. ವಿಲ್ಮಾ ಗುರುತಿನತ್ತ ಬರುವಾಗ ದೊಡ್ಡ ರಾಣಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು, "ಏಳೇ, ನನ್ನ ಜಾಗ ಬಿಡು," ಎನ್ನುತ್ತಿದ್ದಳು.

"ತಗೋಳೇ, ಬೆಚ್ಚಗಿಟ್ಟಿದ್ದೀನಿ," ಎನ್ನುತ್ತಿದ್ದಳು ಓಪಲ್.

ಒಂದು ಸಲವೂ ತಪ್ಪಿಸಿದವರಲ್ಲ. ಹೇಳದೆ ಶಾಟಿಗೆ ನಿಂತರೆ ಏನೋ ಕೆಟ್ಟದ್ದಾಗುತ್ತದೆ ಎಂದು ಇಬ್ಬರೂ ನಂಬಿದ್ದರು.

ಆ ಕಟ್ಟಿಸಿದ ಹಲ್ಲನ್ನು ಕಂಡರೆ ವಿಲ್ಮಾಗೆ ಆಗುತ್ತಿರಲಿಲ್ಲ. ಒಸಡು ಕೊರೆಯುತ್ತದೆ, ಐಸ್‌ಕ್ರೀಮು ತಿನ್ನಲು ಬಿಡುವುದಿಲ್ಲ ಎಂದು ಅತ್ತು, ಕಿತ್ತು ಓಪಲ್‌ಳ ಫ್ರಾಕಿನ ಜೇಬಿಗೆ ಹಾಕಿಬಿಡುತ್ತಿದ್ದಳು. ಆಮೇಲೆ ಇಡೀ ಸೆಟ್ಟು ಹಲ್ಲು ಹುಡುಕುತ್ತಿತ್ತು! ಓಪಲ್‌ಗೂ ಅದೇ ತಿಂಗಳು ಹಲ್ಲು ಬಿದ್ದಿತ್ತು. ಆದರೆ ದೀಪಕ್ಕೆ ನಿಲ್ಲುವವಳ ಬಾಯೊಳಗೆ ಏನಿದ್ದರೆ ಯಾರಿಗೇನು? ಒಂದು ಮಧ್ಯಾಹ್ನ ಅವಳು ಗುರುತಿನ ಮೇಲೆ ಮರದ ಗೊಂಬೆಯ ಹಾಗೆ ನಿಂತಿದ್ದಳು. ದೀಪ ಹೇಗೆ ಬಿದ್ದಿದೆ ನೋಡೋಣ ಎಂದು ಚಿತ್ರ ತೆಗೆಯುವವನು ಕ್ಯಾಮೆರಾ ಹಿಡಿದ. ಆ ಹೊತ್ತಿಗೆ ಸರಿಯಾಗಿ, ದೀಪದಾಚೆಯ ಕತ್ತಲಲ್ಲಿ ಕೂತಿದ್ದ ವಿಲ್ಮಾ ಆ ಹಲ್ಲನ್ನು ಬಾಯಿಂದ ಕಿತ್ತು, ಬೆರಳಿಗೆ ಸಿಕ್ಕಿಸಿಕೊಂಡು, ಗಂಭೀರವಾಗಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟರಮ್ಮನ ಬೆನ್ನ ಹಿಂದೆ ಕಟಕಟ ಎಂದು ಆಡಿಸಿದಳು. ಮೇಷ್ಟರಮ್ಮ ತಿರುಗಿದರೆ ಹಲ್ಲು ಬಾಯೊಳಗೆ. ಮತ್ತೆ ಪುಸ್ತಕ ನೋಡಿದರೆ ಬೆರಳ ತುದಿಗೆ.

ಓಪಲ್ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು! ಕದಲಬಾರದು ಎಂದು ದೀಪದವರೆಲ್ಲ ಬೈದರು. ಆ ಚಿತ್ರ ಏನಾಯಿತು ಎಂದು ಅವಳು ಆಮೇಲೆ ಕೇಳಲೂ ಇಲ್ಲ.

ಮುಂದೆ ವಿಲ್ಮಾ ಬೆಳೆಯತೊಡಗಿದಳು. ಓಪಲ್ ಬೆಳೆಯಲಿಲ್ಲ. ಅವಳ ಬೂಟಿಗೆ ಬಿರಡೆಮರದ ತುಂಡು ಹಾಕಿಸಿ ಎತ್ತರ ಸರಿದೂಗಿಸಿದರು. ಒಂದು ಬೇಸಿಗೆಯಲ್ಲಂತೂ ವಿಲ್ಮಾ ನೀರುಂಡ ಗಿಡದ ಹಾಗೆ ಚಿಗಿತುಬಿಟ್ಟಳು. ಬೂಟಿಗೆ ಇನ್ನೆಷ್ಟು ತುಂಡು ಹಾಕುತ್ತಾರೆ? ಅದರ ಅಗತ್ಯವೂ ಬೀಳಲಿಲ್ಲ. ಪುಟ್ಟ ಹುಡುಗಿ ಪುಟ್ಟವಳಾಗಿ ಉಳಿಯದಿದ್ದರೆ ಸ್ಟುಡಿಯೊಗೇನು ಪ್ರಯೋಜನ? ಬಾ ಎಂದು ಕರೆಯುವುದನ್ನು ನಿಲ್ಲಿಸಿದರು. ಅವಳಿಗೇ ಕೆಲಸವಿಲ್ಲ ಎಂದ ಮೇಲೆ ಅವಳ ಜಾಗ ಕಾಯುವವಳಿಗೆಲ್ಲಿ? ಇಬ್ಬರೂ ಒಂದೇ ವಾರ ಒಂದೇ ಗೇಟಿನಿಂದ ಹೊರಬಿದ್ದರು.

*

ಓಪಲ್ ಕೊನೆಯ ಸಾಲಿನಲ್ಲಿ ಕೂತಳು. ಮುಂದಿನ ಸಾಲುಗಳಲ್ಲಿ ಬಿಲ್ಲೆ ಸಿಕ್ಕಿಸಿಕೊಂಡ ಅಭಿಮಾನಿಗಳು, ನಡುವೆ ನೆರೆಹೊರೆಯವರು, ಹಿಂದೆ ಹಳದಿ ಅಂಚಿನ ಜಾಕೆಟ್ಟು ತೊಟ್ಟ ಶಾಲಾ ಬಸ್ಸಿನ ಚಾಲಕರು. ಸಿನಿಮಾ ಬಿಟ್ಟ ಮೇಲೆ ವಿಲ್ಮಾ ಮದುವೆಯಾದಳು, ಮದುವೆ ಮುರಿಯಿತು, ಮಗನನ್ನು ಕಟ್ಟಿಕೊಂಡು ವ್ಯಾನ್ ನೈಸ್ ಎಂಬ ಬಡಾವಣೆಯಲ್ಲಿ ಶಾಲಾ ಬಸ್ಸು ಓಡಿಸಿದಳು. ಇದಿಷ್ಟು ಓಪಲ್‌ಗೂ ಗೊತ್ತಿತ್ತು. ಪಕ್ಕದಲ್ಲಿ ಕೂತಿದ್ದ ದಪ್ಪಮೀಸೆಯ ಚಾಲಕ ಹೆಕ್ಟರ್ ಸಾಲ್ಸಿಡೊ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ತಾನಾಗಿಯೇ ಮಾತಿಗಿಳಿದ.

"ಆ ಮುಂದೆ ಕೂತಿರೋರೆಲ್ಲ ಯಾರೋ ಏನೋ. ನಮಗೆ ಅವಳು ಸಿನಿಮಾದವಳು ಅಂತಾನೇ ಗೊತ್ತಿರ್ಲಿಲ್ಲ. ಕೇಳಿದ್ರೆ, 'ಹೌದಪ್ಪಾ, ಚಿಕ್ಕವಳಿದ್ದಾಗ ಸ್ವಲ್ಪ ಅತ್ತಿದ್ದೆ, ಅದಕ್ಕೆ ಕಾಸು ಕೊಟ್ರು,' ಅಂತಿದ್ಲು. ಆದ್ರೆ ಹಟಮಾರಿ ಹೆಂಗಸು, ದೇವರಾಣೆ!"

"ಹೌದಾ? ಏನು ಹಟ?" ಎಂದಳು ಓಪಲ್, ಮನಸ್ಸಿಲ್ಲದ ಮನಸ್ಸಿನಿಂದ.

"ಬಸ್ಸು ನಿಲ್ಸೋದ್ರಲ್ಲಿ. ಮಧ್ಯಾಹ್ನ ಶಾಲೆ ಬಿಟ್ಟಾಗ ನಾವೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಿಸ್ಬೇಕು, ಅದು ನಿಯಮ. ಇವಳೊಬ್ಬಳು ಇಡೀ ಬ್ಲಾಕು ಸುತ್ತಿ ಬಂದು ಅಡ್ಡಡ್ಡ ನಿಲ್ಲಿಸೋಳು. ಯಾಕೆ ಅಂದ್ರೆ, ಮಕ್ಕಳು ಸಾಲು ನಿಲ್ಲೋ ಜಾಗಕ್ಕೆ ಬಸ್ಸಿನ ನೆರಳು ಬೀಳ್ಬೇಕು. ಮೇಲಿನವರು ಎಷ್ಟು ಸಲ ಬೈದ್ರೂ ಕೇಳ್ಲಿಲ್ಲ. 'ಕಾಯೋ ಮಗು ಬಿಸಿಲಲ್ಲಿ ನಿಲ್ಲಬಾರ್ದು, ನನಗೆ ಗೊತ್ತು,' ಅಂತಿದ್ಲು. ಅದೇನು ಗೊತ್ತಿತ್ತೋ ಮಾರಾಯ್ತಿಗೆ."

ಓಪಲ್‌ಗೆ ಸೀಮೆಸುಣ್ಣದ ಆ ಗುರುತು ನೆನಪಾಯಿತು. ಆದರೂ ಅವಳ ಕೋಪ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಅದು ತುಂಬ ವರ್ಷ ಒಳಗೇ ಕೂತು ಗಟ್ಟಿಯಾದ ಕೋಪ.

*

ಕೋಪ ಹುಟ್ಟಿದ್ದು ಒಂದು ಟಿವಿ ಕಾರ್ಯಕ್ರಮದಿಂದ. ಆ ದಿನ ಓಪಲ್ ದಾಲ್ಚಿನ್ನಿ ಕೇಕು ಮಾಡಿದ್ದಳು. ನೋರೀನ್ ಆಗಿನ್ನೂ ಹೈಸ್ಕೂಲು. ಹಳೆಯ ಬಾಲನಟರನ್ನು ಹುಡುಕಿ ತಂದು, ಆಗ ಹೇಗಿದ್ದಿರಿ, ಈಗ ಹೇಗಾಗಿಹೋಗಿದ್ದೀರಿ ಎಂದು ನಗುನಗುತ್ತಾ ಕೆದಕುವ ಕಾರ್ಯಕ್ರಮ ಅದು. ವಿಲ್ಮಾ ಬರುತ್ತಾಳೆಂದು ತಿಳಿದು ಓಪಲ್ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ಸೋಫಾದ ಮೇಲೆ ಕೂರಿಸಿದ್ದಳು. ನಾನು ಇವಳ ಜೊತೆಗೆ ಬೆಳೆದವಳು, ನೋಡ್ತಿರಿ, ನನ್ನ ಹೆಸರು ಹೇಳೇ ಹೇಳ್ತಾಳೆ ಎಂದು ಕೊಚ್ಚಿಕೊಂಡೂ ಇದ್ದಳು.

ನಿರೂಪಕ ಕೇಳಿಯೂ ಕೇಳಿದ. "ನಿಮ್ಮ ಬದಲು ದೀಪಕ್ಕೆ ನಿಲ್ಲೋ ಹುಡುಗಿ ಒಬ್ಬಳಿದ್ದಳಲ್ಲ, ಅವಳೀಗ ಎಲ್ಲಿ?"

ವಿಲ್ಮಾ ಕಣ್ಣು ಮಿಟುಕಿಸದೆ ಹೇಳಿದಳು. "ಗೊತ್ತಿಲ್ಲ. ಹೆಸರೂ ನೆನಪಿಲ್ಲ."

ಸೋಫಾದ ಮೇಲಿದ್ದವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಒಬ್ಬಳು, "ಕೇಕು ತುಂಬ ಚೆನ್ನಾಗಿದೆ ಓಪಲ್," ಎಂದಳು. ಅಯ್ಯೋ, ಆ ಮಾತೇ ಹೆಚ್ಚು ಚುಚ್ಚಿತು.

ಆ ವಾರವೇ ಫೋನು ಬಂತು. ಗಂಡ ಕಾರ್ಲ್ ಎತ್ತಿ, ರಿಸೀವರಿನ ಮೇಲೆ ಕೈಮುಚ್ಚಿ, "ವಿಲ್ಮಾ ಅಂತೆ ಕಣೇ," ಎಂದ. ಓಪಲ್ ಪಾತ್ರೆ ಉಜ್ಜುತ್ತಿದ್ದಳು. ತಲೆಯೆತ್ತಲಿಲ್ಲ.

"ಮನೇಲಿಲ್ಲ ಅನ್ನು."

ಮತ್ತೆ ಫೋನು ಬರಲಿಲ್ಲ. ಕಾರ್ಲ್ ಸತ್ತಾಗ ಹೂವು ಮಾತ್ರ ಬಂದಿತ್ತು, ಕಳಿಸಿದವರ ಹೆಸರಿಲ್ಲದ ಬಿಳಿ ಹೂವು. ಯಾರು ಕಳಿಸಿದ್ದು ಎಂದು ಓಪಲ್ ವಿಚಾರಿಸಲಿಲ್ಲ.

*

"ಮೇಡಂ, ನೀವು ಅಮ್ಮನಿಗೆ ಗೊತ್ತಿದ್ದೋರಾ?"

ಎದುರಿಗೆ ನಿಂತಿದ್ದವನು ಎತ್ತರದ, ಬೆನ್ನು ಸ್ವಲ್ಪ ಬಾಗಿದ ಗಂಡಸು. ಕೊರಳಿಗೆ ಬಿಗಿಯಾಗಿದ್ದ ಟೈಯನ್ನು ಎಳೆದು ಎಳೆದು ಸಾಕಾಗಿದ್ದ. ಮೂಗು ಅಪ್ಪಟ ವಿಲ್ಮಾಳದು.

"ನೀನು ಡ್ವೈಟ್ ಅಲ್ವಾ?" ಎಂದಳು ಓಪಲ್. ಕೋಪವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಕೆಂಪಾದ ಕಣ್ಣು ಕಂಡು ಅರ್ಧ ನುಂಗಿಕೊಂಡಳು. "ಆ ಚಿತ್ರ ನಿನಗೆ ಎಲ್ಲಿ ಸಿಕ್ತಪ್ಪಾ?"

"ಅದಾ? ಅಮ್ಮನ ಮಂಚದ ಪಕ್ಕ ಇತ್ತು. ನಾನು ಹುಟ್ಟಿದಾಗಿಂದ ಅಲ್ಲೇ ಇದೆ. ಮನೇಲಿ ಬೇರೆ ಒಂದೂ ಸಿನಿಮಾ ಚಿತ್ರ ಇಟ್ಟಿರ್ಲಿಲ್ಲ ನೋಡಿ, ಎಲ್ಲಾ ಮರ್ವಿನ್‌ಗೇ ಕೊಟ್ಟುಬಿಟ್ಟಿದ್ರು. ಇದನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಆಸ್ಪತ್ರೆಗೂ ತಗೊಂಡು ಹೋಗಿದ್ರು."

ಓಪಲ್ ಕೈಯಲ್ಲಿದ್ದ ಹಾಳೆಯನ್ನು ಮಡಿಲ ಮೇಲೆ ಮಗುಚಿಟ್ಟಳು.

"ನಿಮಗೆ ನಗು ಬರಬಹುದು," ಎಂದು ಡ್ವೈಟ್ ಅವಳ ಮುಂದಿನ ಕುರ್ಚಿಯನ್ನು ತಿರುಗಿಸಿ ಕೂತ. "ಅಮ್ಮ ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡೋ ಮುಂಚೆ ಅದರ ಜೊತೆ ಮಾತಾಡೋರು. ಸೊಂಟದ ಮೇಲೆ ಕೈ ಇಟ್ಕೊಂಡು, 'ಏಳೇ, ನನ್ನ ಜಾಗ ಬಿಡು,' ಅನ್ನೋರು. ಒಂದು ಕ್ಷಣ ಹಾಗೇ ಕಾಯೋರು. ಆಮೇಲೆ ಹೊರಡೋರು. ನಾನು ಏನಂದ್ಕೊಂಡಿದ್ದೆ ಗೊತ್ತಾ? ನಟಿ ಅಲ್ವಾ, ತಮ್ಮ ಬಾಲ್ಯದ ಜೊತೆ ತಾವೇ ಮಾತಾಡ್ಕೊಳ್ತಾರೆ ಅಂತ."

ನೋರೀನ್ ತಾಯಿಯ ಕೈ ಹಿಡಿದುಕೊಂಡಳು.

"'ತಗೋಳೇ, ಬೆಚ್ಚಗಿಟ್ಟಿದ್ದೀನಿ,'" ಎಂದಳು ಓಪಲ್.

"ಏನಂದ್ರಿ?"

"ಅದಕ್ಕೆ ಉತ್ತರ ಅದು. ಅವಳು ಕಾಯ್ತಿದ್ದದ್ದು ಅದಕ್ಕೇ. ಆ ಚಿತ್ರದಲ್ಲಿರೋಳು ನಿಮ್ಮಮ್ಮ ಅಲ್ಲ ಮಗೂ. ನಾನು. ಅವಳಿಗೆ ಬದಲಾಗಿ ದೀಪಕ್ಕೆ ನಿಲ್ತಿದ್ದೋಳು."

ಡ್ವೈಟ್ ಅವಳನ್ನೇ ನೋಡಿದ. ಆಮೇಲೆ ಮುಂದೆ ನಿಂತಿದ್ದ ಚಿತ್ರವನ್ನು ನೋಡಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಮೆಲ್ಲಗೆ ಅರಳಿತು.

"ಓಪೀ?" ಎಂದ.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬಳೇ. ಓಪಲ್‌ಗೆ ಇನ್ನು ತಡೆಯಲಾಗಲಿಲ್ಲ. ಮಗುವಿನ ಹಾಗೆ ಬಿಕ್ಕಿದಳು.

"ಹೆಸರು ನೆನಪಿಲ್ಲ ಅಂದ್ಲಲ್ಲೋ! ಟಿವಿಯಲ್ಲಿ, ಊರಿಗೆಲ್ಲ ಕೇಳೋ ಹಾಗೆ! ನಾನು ಜನಾನ ಬೇರೆ ಕರ್ದಿದ್ದೆ!"

"ಆ ಕಾರ್ಯಕ್ರಮಾನಾ?" ಡ್ವೈಟ್ ಹಣೆ ಒತ್ತಿಕೊಂಡ. "ಅವತ್ತು ನಾನೂ ಜೊತೆಗೆ ಹೋಗಿದ್ದೆ. ಅಮ್ಮನಿಗಿಂತ ಮುಂಚೆ ಇನ್ನೊಬ್ಬ ಹಳೇ ನಟನ್ನ ಕೂರಿಸಿದ್ರು. ಅವನ ಬಾಲ್ಯದ ಗೆಳೆಯನನ್ನ ಅವನಿಗೂ ಗೊತ್ತಿಲ್ದೆ ಹಿಡ್ಕೊಂಡು ಬಂದಿದ್ರು. ಗೆಳೆಯ ಮನೆಯಿಲ್ದೆ ಒಂದು ಗಾಡೀಲೇ ವಾಸ ಮಾಡ್ತಿದ್ದ, ಕುಡೀತಿದ್ದ. ಅದನ್ನೆಲ್ಲ ಕೇಳಿ ಕೇಳಿ ನಗಾಡಿ, ಇಬ್ಬರನ್ನೂ ಅಳಿಸಿ ಕಳಿಸಿದ್ರು. ಅಮ್ಮ ಅದನ್ನ ಮರೇಲಿ ನಿಂತು ನೋಡಿದ್ರು. ಬರ್ತಾ ಕಾರಲ್ಲಿ ನನಗೆ ಹೇಳಿದ್ರು. 'ನಾನು ಓಪಿ ಹೆಸರು ಹೇಳಿದ್ದಿದ್ರೆ ನಾಳೆ ಬೆಳಿಗ್ಗೆ ಕ್ಯಾಮೆರಾ ಹೊತ್ಕೊಂಡು ಅವಳ ಬಾಗಿಲಿಗೆ ಹೋಗಿರೋರು. ಆ ಹುಡುಗಿ ನನಗೋಸ್ಕರ ದೀಪದ ಕೆಳಗೆ ಬೆಂದಿದ್ದು ಸಾಕು,' ಅಂತ."

"ಅದನ್ನ ನನಗೆ ಹೇಳೋಕೆ ಏನಾಗಿತ್ತು ಅವಳಿಗೆ?"

"ಫೋನ್ ಮಾಡಿದ್ರು. ನೀವು ಮನೇಲಿರ್ಲಿಲ್ಲ ಅಂತೆ."

ಓಪಲ್ ಕಣ್ಣು ಮುಚ್ಚಿದಳು. ಡ್ವೈಟ್ ದನಿ ತಗ್ಗಿಸಿದ.

"ನೀವು ಇದ್ರಿ, ಫೋನಿಗೆ ಬರ್ಲಿಲ್ಲ ಅಷ್ಟೇ, ಅಂತ ಅಮ್ಮನಿಗೆ ಗೊತ್ತಿತ್ತು. ಹಿಂದೆ ಪಾತ್ರೆ ಸದ್ದು ಕೇಳಿಸ್ತಂತೆ. 'ಅವಳ ಕೋಪ ಅವಳದು, ನಾನ್ಯಾಕೆ ಕಿತ್ಕೊಳ್ಳಲಿ,' ಅಂದ್ರು. ಆದ್ರೆ ಅಮ್ಮನಿಗೆ ಆಮೇಲೆ ಧೈರ್ಯ ಬರ್ಲಿಲ್ಲ ಅಂತ ನನಗನ್ಸುತ್ತೆ. ಎಲ್ಲರ ಮುಂದೆ ಅಳೋಕೆ ಬರ್ತಿತ್ತು ಅಮ್ಮನಿಗೆ, ಒಂದು ಫೋನ್ ಇನ್ನೊಂದು ಸಲ ಮಾಡೋಕೆ ಬರ್ತಿರ್ಲಿಲ್ಲ."

"ಇಬ್ಬರೂ ಸರಿಯಾಗಿದ್ದೀರಿ ಬಿಡು," ಎಂದಳು ನೋರೀನ್, ಅಳುತ್ತಲೇ ತಾಯಿಯನ್ನು ತಿವಿದು. "ಒಬ್ಬರಿಗಿಂತ ಒಬ್ಬರು ಹಟದೋರು."

ಡ್ವೈಟ್ ಎದ್ದು ನಿಂತ. "ಈಗ್ಲೇ ಆ ಚಿತ್ರ ಇಳಿಸ್ತೀನಿ. ಎಂಥ ಕೆಲಸ ಮಾಡ್ಬಿಟ್ಟೆ ನಾನು! ಹೆತ್ತ ತಾಯಿ ಮುಖ ಗೊತ್ತಾಗದ ಮಗ."

"ಕೂತ್ಕೋ," ಎಂದಳು ಓಪಲ್. ಮೂಗು ಒರೆಸಿಕೊಂಡಳು. "ಗೊತ್ತಾಗಬಾರ್ದು ಅಂತಲೇ ಅಲ್ವಾ ನನ್ನನ್ನ ಆರಿಸಿದ್ದು? ಕಲ್ಲಿಗೆ ಮಾತ್ರ ಬೇಡ. ಕಲ್ಲಿಗೆ ಅವಳದೇ ಹಾಕು, ಬಸ್ಸಿನ ಮುಂದೆ ನಿಂತಿರೋದು ಇದ್ರೆ ಅದು. ಇವತ್ತಿಗೆ ಇದು ಇರ್ಲಿ. ಅವಳು ಬರೋ ತನಕ ಅಲ್ಲಿ ನಿಂತಿರೋದೇ ನನ್ನ ಕೆಲಸ."

*

ಪಾದ್ರಿಯ ಪ್ರಾರ್ಥನೆ ಮುಗಿಯಿತು. ಮರ್ವಿನ್ ಬರ್ಡಿಯ ಸಿನಿಮಾಗಳನ್ನು ಒಂದೂ ಬಿಡದೆ ಹೇಳಿದ. ಹೆಕ್ಟರ್ ಬಸ್ಸಿನ ನೆರಳಿನ ಕತೆ ಹೇಳಿ ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟ. ಆಗ ಡ್ವೈಟ್ ಹಿಂದಿನ ಸಾಲಿನತ್ತ ಕೈಚಾಚಿದ.

ಓಪಲ್ ಜನರ ಮುಂದೆ ಹೀಗೆ ನಿಂತು ಬಹಳ ಕಾಲವಾಗಿತ್ತು. ಮಾತಾಡಲು ನಿಂತದ್ದಂತೂ ಇದೇ ಮೊದಲು. ಮೈಕನ್ನು ಅವಳ ಎತ್ತರಕ್ಕೆ ಇಳಿಸಬೇಕಾಯಿತು.

"ನನಗೆ ಭಾಷಣ ಬರಲ್ಲ. ನಿಂತ್ಕೊಳ್ಳೋಕೆ ಮಾತ್ರ ಬರುತ್ತೆ," ಎಂದಳು. "ನೀವೆಲ್ಲ ಈ ಹುಡುಗೀನ ನೋಡಿ ಬರ್ಡಿ ಬರ್ಡಿ ಅಂತಿದ್ದೀರಿ. ಇವಳು ಬರ್ಡಿ ಅಲ್ಲ. ಇವಳು ನಾನು, ಓಪಲ್. ಅವಳ ಬದಲಿಗೆ ದೀಪಕ್ಕೆ ನಿಲ್ತಿದ್ದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಮರ್ವಿನ್ ಅರ್ಧ ಎದ್ದ, ಬೋ ಟೈ ಮುಟ್ಟಿಕೊಂಡ, ಮತ್ತೆ ಕೂತ. ಪಾಪ, ಅವನ ಮುಖ ಬೆಳಿಗ್ಗೆಯಿಂದ ಕೈಯಲ್ಲಿದ್ದ ಆ ಹಾಳೆಗಳಷ್ಟೇ ಬಿಳುಪಾಯಿತು.

"ಬೇಜಾರು ಮಾಡ್ಕೋಬೇಡಿ. ವಿಲ್ಮಾ ಇಲ್ಲೇ ಇದ್ದಾಳೆ. ಈ ಹುಡುಗಿ ಕಣ್ಣು ಯಾವ ಕಡೆ ಇದೆ ನೋಡಿ. ಕ್ಯಾಮೆರಾ ಕಡೆ ಇಲ್ಲ ಅಲ್ವಾ? ಆ ಕಡೆ, ಕತ್ತಲಲ್ಲಿ, ಒಂದು ಪುಟ್ಟ ಕುರ್ಚಿ ಮೇಲೆ ಅವಳು ಕೂತಿದ್ದಾಳೆ. ಕಟ್ಟಿಸಿದ ಹಲ್ಲನ್ನ ಬೆರಳಿಗೆ ಸಿಕ್ಕಿಸ್ಕೊಂಡು ಮೇಷ್ಟರಮ್ಮನ ಬೆನ್ನ ಹಿಂದೆ ಹೀಗೆ ಆಡಿಸ್ತಿದ್ದಾಳೆ, ಕಟಕಟ ಕಟಕಟ ಅಂತ. ಇಡೀ ದಿನ ದೀಪದ ಕೆಳಗೆ ನಿಂತು ನನಗೆ ಅಳು ಬರೋ ಹಾಗಾಗಿತ್ತು. ಅದು ಅವಳಿಗೆ ಗೊತ್ತಾಗಿತ್ತು. ಅವಳು ಸಿನಿಮಾದಲ್ಲಿ ನಿಮ್ಮನ್ನೆಲ್ಲ ಅಳಿಸಿದ್ದಾಳೆ. ಅವತ್ತು ನನ್ನೊಬ್ಬಳನ್ನ ನಗಿಸಿದ್ದು ಯಾರೂ ನೋಡಿಲ್ಲ. ಅದಕ್ಕೇ ಹೇಳ್ತಿದ್ದೀನಿ."

ಮೊದಲು ನಕ್ಕವನು ಹೆಕ್ಟರ್. ಗೊಳೋ ಎಂದು ಅಳುತ್ತಾ ನಕ್ಕ. ಆಮೇಲೆ ಬಸ್ಸಿನವರೆಲ್ಲ ನಕ್ಕರು, ಆಮೇಲೆ ಬಿಲ್ಲೆಯವರೂ. ಶವಪೆಟ್ಟಿಗೆಯ ಮುಂದೆ ಅಷ್ಟು ನಕ್ಕದ್ದನ್ನು ಪಾದ್ರಿ ಕಂಡಿರಲಿಕ್ಕಿಲ್ಲ. ಅವರೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು.

ಹೊರಗೆ ಬಂದಾಗ ಮರ್ವಿನ್ ಓಪಲ್‌ಳ ದಾರಿಗೆ ಅಡ್ಡ ನಿಂತ. ಕೈಯಲ್ಲಿ ಹಾಳೆ, ಪೆನ್ನು.

"ನಾನು ಇಷ್ಟು ವರ್ಷ ಅವಳ ಬಗ್ಗೆ ಎಲ್ಲಾ ಗೊತ್ತು ಅಂದ್ಕೊಂಡಿದ್ದೆ," ಎಂದ. "ಮೇಡಂ, ಇದರ ಮೇಲೆ ಒಂದು ಸಹಿ ಹಾಕ್ತೀರಾ?"

"ನನ್ನ ಸಹಿ ಯಾರಿಗಪ್ಪಾ ಬೇಕು?"

"ನನಗೆ ಬೇಕು."

ಓಪಲ್ ನೋರೀನ್‌ಳ ಬೆನ್ನಿನ ಮೇಲೆ ಹಾಳೆಯಿಟ್ಟು, ಆ ಹಲ್ಲಿಲ್ಲದ ನಗುವಿನ ಕೆಳಗೆ ಹೆಸರು ಬರೆದಳು. ಅಕ್ಷರ ಸೊಟ್ಟಗಾದವು. ಮರ್ವಿನ್ ಅದನ್ನು ಒಣಗುವ ತನಕ ಊದಿ, ಮಡಿಸದೆ, ಕೋಟಿನೊಳಗೆ ಎದೆಗೆ ಆನಿಸಿ ಇಟ್ಟುಕೊಂಡ.

*

ಸಮಾಧಿಯ ಜಾಗ ಹುಲ್ಲುಹಾಸಿನ ದಿಬ್ಬದ ಮೇಲಿತ್ತು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಮೇಲಕ್ಕೆ ಕಾರು ಹೋಗುವಂತಿರಲಿಲ್ಲ. ಪೆಟ್ಟಿಗೆಯನ್ನು ಹೆಕ್ಟರ್ ಮತ್ತು ಬಸ್ಸಿನವರು ಹೊತ್ತು ತರುತ್ತಿದ್ದರು, ಮೆಲ್ಲಮೆಲ್ಲಗೆ, ಕಾಲಿಗೆ ಕಾಲು ಹೊಂದಿಸಿಕೊಂಡು. ಉಳಿದವರೆಲ್ಲ ಬಟ್ಟೆಯ ಚಪ್ಪರದ ಕೆಳಗೆ ಕುರ್ಚಿ ಹಿಡಿದು ಕೂತರು.

ಡ್ವೈಟ್ ಚಿತ್ರವನ್ನು ತಾನೇ ಹೊತ್ತು ತಂದ. ನಿಲುವಿನ ಮೇಲೆ ಇಟ್ಟು, ಹಿಂದೆ ಸರಿದು ನೋಡಿದ. ಹುಡುಗಿ ರಸ್ತೆಯ ಕಡೆ ನೋಡಿ ನಗುತ್ತಿದ್ದಳು. ಅವನು ಹೋಗಿ ಒಂದು ಕಾಲನ್ನು ಸರಿಸಿದ, ಇನ್ನೊಂದನ್ನು ಸರಿಸಿದ. ಈಗ ಅವಳ ನೋಟ ನೇರವಾಗಿ ಆ ಗುಂಡಿಯ ಕಡೆಗಿತ್ತು.

ಓಪಲ್ ಮಾತ್ರ ಚಪ್ಪರದ ಕೆಳಗೆ ಬಂದಿರಲಿಲ್ಲ. ಗುಂಡಿಯ ಪಕ್ಕದಲ್ಲಿ, ಪೆಟ್ಟಿಗೆ ಇಳಿಸಿಡುವ ಕಡೆ, ಬಟಾಬಯಲು ಬಿಸಿಲಲ್ಲಿ ಒಬ್ಬಳೇ ಹೋಗಿ ನಿಂತಿದ್ದಳು. ಕೈ ಎರಡೂ ಪಕ್ಕಕ್ಕೆ ಬಿಟ್ಟು, ಗಲ್ಲ ತುಸು ಎತ್ತಿ, ಕದಲದೆ.

"ಅಮ್ಮಾ, ಬಿಸಿಲು ಕಣೇ! ನೆರಳಿಗೆ ಬಾ!" ಎಂದು ನೋರೀನ್ ಕೂಗಿದಳು.

"ಇರಲಿ ಬಿಡಿ," ಎಂದ ಡ್ವೈಟ್. "ಅಮ್ಮ ಬರೋ ತನಕ."

ಪೆಟ್ಟಿಗೆ ದಿಬ್ಬ ಹತ್ತಿತು. ಓಪಲ್‌ಳ ಹಣೆಯಿಂದ ಬೆವರಿಳಿದು ಕೆನ್ನೆಯ ಮೇಲೆ ಹರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಹೊತ್ತವರು ತೀರ ಹತ್ತಿರ ಬಂದು, ಈ ಮುದುಕಿಯನ್ನು ದಾಟುವುದು ಹೇಗೆಂದು ತಿಳಿಯದೆ ನಿಂತರು. ಓಪಲ್ ಒಂದು ಕ್ಷಣ ಕಿವಿಗೊಟ್ಟು ಕಾದಳು.

ಆಮೇಲೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಪಕ್ಕದಲ್ಲಿದ್ದ ಹೆಕ್ಟರ್‌ಗೆ ಮಾತ್ರ ಕೇಳುವಷ್ಟು ಮೆತ್ತಗೆ, "ತಗೋಳೇ, ಬೆಚ್ಚಗಿಟ್ಟಿದ್ದೀನಿ," ಎಂದು ಪಕ್ಕಕ್ಕೆ ಸರಿದಳು. ಅವಳು ನಿಂತಿದ್ದ ಕಡೆ ಹುಲ್ಲು ಎರಡು ಪುಟ್ಟ ಹೆಜ್ಜೆಯಗಲ ಒತ್ತಿಹೋಗಿತ್ತು. ಬಸ್ಸಿನವರು ಪೆಟ್ಟಿಗೆಯನ್ನು ಸರಿಯಾಗಿ ಆ ಗುರುತಿನ ಮೇಲೆ ಇಳಿಸಿದರು.